ಅಂಕಿಗಳನ್ನು ಕಣ್ಣಿಗೆ ಕಾಣಿಸಿದ ವಿಲಿಯಂ ಪ್ಲೇಫೇರ್

ಚುನಾವಣೆಯ ಫಲಿತಾಂಶ ಬಂದ ಮರುದಿನ ಪತ್ರಿಕೆ ತೆರೆದರೆ ಯಾವ ಪಕ್ಷಕ್ಕೆ ಎಷ್ಟು ಪಾಲು ಮತ ಬಂದಿದೆ ಎಂಬುದನ್ನು ತೋರಿಸುವ ಬಣ್ಣಬಣ್ಣದ ವೃತ್ತ ಮೊದಲು ಕಣ್ಣಿಗೆ ಬೀಳುತ್ತದೆ. ಕ್ರಿಕೆಟ್ ಪಂದ್ಯದ ನಡುವೆ ಟಿವಿ ಪರದೆಯ ಮೇಲೆ ಓವರಿಗೊಂದರಂತೆ ರನ್ನುಗಳ ಕಂಬಗಳು ಎದ್ದು ನಿಲ್ಲುತ್ತವೆ. ಷೇರುಪೇಟೆಯ ಸೂಚ್ಯಂಕ ಏರಿದ್ದೂ ಇಳಿದದ್ದೂ ಒಂದು ವಕ್ರರೇಖೆಯಲ್ಲಿ ತಿಳಿದುಬಿಡುತ್ತದೆ. ವೃತ್ತ, ಕಂಬ, ರೇಖೆ ಈ ಮೂರೂ ನಮಗೆ ಅಕ್ಷರಮಾಲೆಯಷ್ಟೇ ಸಹಜವಾಗಿವೆ. ಅಂಕಿ ಅಂಶಗಳನ್ನು ಹೀಗೆ ಚಿತ್ರವಾಗಿಸುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಮೊದಲಿಗನ ಹೆಸರು ಮಾತ್ರ ನಮ್ಮಲ್ಲಿ ಹೆಚ್ಚು ಮಂದಿಗೆ ಪರಿಚಿತವಲ್ಲ.

ಆತ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ, ಸರ್ಕಾರದ ಲೆಕ್ಕಾಧಿಕಾರಿಯಲ್ಲ, ಗಣಿತಜ್ಞನೂ ಅಲ್ಲ. ಕೈಹಾಕಿದ ಉದ್ಯಮಗಳಲ್ಲಿ ಬಹುಪಾಲು ಸೋತು, ಸಾಲಗಾರರಿಂದ ತಲೆತಪ್ಪಿಸಿಕೊಳ್ಳುತ್ತ, ಲೇಖನಿಯಿಂದಲೇ ಹೊಟ್ಟೆ ಹೊರೆದುಕೊಂಡ ಹವ್ಯಾಸಿ. ಸ್ಕಾಟ್ಲೆಂಡಿನ ಆ ವಿಲಿಯಂ ಪ್ಲೇಫೇರ್ ರಚಿಸಿದ ನಕ್ಷೆಗಳು ಪ್ರಕಟವಾಗುವ ಮೊದಲೇ ವಿಮರ್ಶೆಗೆ ಗುರಿಯಾದವು. ಎರಡು ಶತಮಾನಗಳು ಕಳೆದರೂ ಆ ವಿಮರ್ಶೆ ನಿಂತಿಲ್ಲ.

ಪಾದ್ರಿಯ ಮನೆಯ ಹುಡುಗ

ವಿಲಿಯಂ ಪ್ಲೇಫೇರ್ ಜನಿಸಿದ್ದು 1759ರ ಸೆಪ್ಟೆಂಬರ್ 22ರಂದು, ಸ್ಕಾಟ್ಲೆಂಡಿನ ಡಂಡೀ ನಗರದ ಸಮೀಪದ ಲಿಫ್ ಎಂಬ ಹಳ್ಳಿಯಲ್ಲಿ. ತಂದೆ ಜೇಮ್ಸ್ ಪ್ಲೇಫೇರ್ ಅಲ್ಲಿನ ಚರ್ಚಿನ ಪಾದ್ರಿ. 1772ರಲ್ಲಿ ತಂದೆ ತೀರಿಕೊಂಡಾಗ ವಿಲಿಯಂ ಇನ್ನೂ ಹದಿಮೂರು ತುಂಬದ ಬಾಲಕ. ಕುಟುಂಬದ ಹೊಣೆ ಹಿರಿಯಣ್ಣ ಜಾನ್ ಪ್ಲೇಫೇರನ ಹೆಗಲೇರಿತು. ಮುಂದೆ ಎಡಿನ್‌ಬರೊ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕನಾಗಿ ಕೀರ್ತಿ ಪಡೆದವನು ಈತನೇ. ಸಮಾಂತರ ರೇಖೆಗಳ ಪಾಠದಲ್ಲಿ ನಮ್ಮ ಶಾಲಾ ಮಕ್ಕಳೂ ಓದುವ ಪ್ಲೇಫೇರ್ ಸ್ವಯಂಸಿದ್ಧ ಈ ಅಣ್ಣನ ಹೆಸರಿನದು.

ತಮ್ಮನಿಗೆ ಅಣ್ಣ ಕೊಟ್ಟ ಒಂದು ಅಭ್ಯಾಸ ಇತಿಹಾಸದ ದೃಷ್ಟಿಯಿಂದ ಬಹು ಮುಖ್ಯವಾದದ್ದು. ಪ್ರತಿದಿನ ಉಷ್ಣಮಾಪಕವನ್ನು ನೋಡಿ ತಾಪಮಾನವನ್ನು ಬರೆದಿಡಬೇಕು, ಅದನ್ನು ಅಳತೆಗೆ ತಕ್ಕಂತೆ ಗೆರೆಗಳಾಗಿ ಕಾಗದದ ಮೇಲೆ ಎಳೆಯಬೇಕು. ಸಂಖ್ಯೆಯಲ್ಲಿ ಹೇಳಬಹುದಾದುದನ್ನೆಲ್ಲ ಗೆರೆಯಲ್ಲಿಯೂ ತೋರಿಸಬಹುದು ಎಂಬ ಪಾಠವನ್ನು ತಾನು ಕಲಿತದ್ದು ಅಣ್ಣನಿಂದಲೇ ಎಂದು ವಿಲಿಯಂ ಮುಂದೆ ಕೃತಜ್ಞತೆಯಿಂದ ಸ್ಮರಿಸಿದ್ದಾನೆ.

ಹುಡುಗನಿಗೆ ಕಾಲೇಜು ವಿದ್ಯಾಭ್ಯಾಸ ದಕ್ಕಲಿಲ್ಲ. ಒಕ್ಕಣೆ ಯಂತ್ರದಿಂದ ಹೆಸರಾದ ಆಂಡ್ರೂ ಮೀಕಲ್‌ನ ಬಳಿ ಕೆಲಸ ಕಲಿಯಲು ಸೇರಿದ. 1777ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಉಗಿಯಂತ್ರದ ಜೇಮ್ಸ್ ವಾಟ್‌ನ ಬಳಿ ನಕ್ಷೆಗಾರನೂ ಸಹಾಯಕನೂ ಆದ. ಆ ಕಾಲದ ಅತಿ ಮುಂದುವರಿದ ಕಾರ್ಖಾನೆಯಲ್ಲಿ ಯಂತ್ರಭಾಗಗಳ ಅಳತೆಯ ಚಿತ್ರ ಬರೆಯುವ ತರಬೇತಿ ಆತನಿಗೆ ದೊರೆಯಿತು. ಯುವಕನ ಕೆಲಸದಲ್ಲಿ ಎಡವಟ್ಟುಗಳಾಗುತ್ತವೆ ಎಂಬ ಅಸಮಾಧಾನವೂ ವಾಟ್‌ಗೆ ಇತ್ತು. ಬುದ್ಧಿ ಚುರುಕು, ತಾಳ್ಮೆ ಕಡಿಮೆ. ಕೆಲವೇ ವರ್ಷಗಳಲ್ಲಿ ಪ್ಲೇಫೇರ್ ಆ ಕೆಲಸವನ್ನು ಬಿಟ್ಟು ಲಂಡನ್ನಿಗೆ ಬಂದು ಬೆಳ್ಳಿ ಸಾಮಾನುಗಳ ವ್ಯಾಪಾರ ಆರಂಭಿಸಿದ. ಅದು ಕೈಗೂಡಲಿಲ್ಲ.

1786ರ ಅಟ್ಲಾಸ್

ವ್ಯಾಪಾರ ಸೋತ ಬಳಿಕ ಲೇಖನಿ ಹಿಡಿದ ಪ್ಲೇಫೇರ್ 1786ರಲ್ಲಿ ವಾಣಿಜ್ಯ ಮತ್ತು ರಾಜಕೀಯ ಅಟ್ಲಾಸ್ ಎಂಬ ಗ್ರಂಥವನ್ನು ಹೊರತಂದ. ಅಟ್ಲಾಸ್ ಎಂಬ ಹೆಸರಿದ್ದರೂ ಅದರಲ್ಲಿ ಭೂಪಟ ಒಂದೂ ಇರಲಿಲ್ಲ. ಇದ್ದದ್ದು 44 ನಕ್ಷೆಗಳು. ಇಂಗ್ಲೆಂಡ್ ಬೇರೆ ಬೇರೆ ದೇಶಗಳೊಡನೆ ನಡೆಸಿದ ಆಮದು ರಫ್ತು, ರಾಷ್ಟ್ರದ ಸಾಲ, ಸೈನ್ಯದ ಖರ್ಚು ಮೊದಲಾದವು ತಾಮ್ರದ ಫಲಕದಲ್ಲಿ ಕೆತ್ತಿ, ಮುದ್ರಿಸಿ, ಕೈಯಿಂದ ಬಣ್ಣ ತುಂಬಿದ ರೇಖೆಗಳಾಗಿ ಅಲ್ಲಿ ಮೂಡಿದ್ದವು. ಅಡ್ಡಕ್ಕೆ ವರ್ಷಗಳು, ಲಂಬಕ್ಕೆ ಹಣ. ಆಮದಿನದೊಂದು ಗೆರೆ, ರಫ್ತಿನದೊಂದು ಗೆರೆ, ನಡುವಿನ ಜಾಗಕ್ಕೆ ಬಣ್ಣ. ಡೆನ್ಮಾರ್ಕ್ ಮತ್ತು ನಾರ್ವೆಯೊಡನೆ ನಡೆದ ವ್ಯಾಪಾರದ ನಕ್ಷೆಯಲ್ಲಿ ಇಂಗ್ಲೆಂಡ್ ಎಂದು ನಷ್ಟದಲ್ಲಿತ್ತು, ಎಂದಿನಿಂದ ಲಾಭಕ್ಕೆ ತಿರುಗಿತು ಎಂಬುದು ಎರಡು ಗೆರೆಗಳು ಒಂದನ್ನೊಂದು ದಾಟುವ ಬಿಂದುವಿನಲ್ಲಿ ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ಇದಕ್ಕೆ ಮುನ್ನ ಇಂತಹ ಪ್ರಯತ್ನ ನಡೆದೇ ಇರಲಿಲ್ಲವೆಂದಲ್ಲ. ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಮಹನೀಯರ ಜೀವಿತಾವಧಿಯನ್ನು ಗೆರೆಗಳಾಗಿ ಎಳೆದು ಕಾಲಪಟವೊಂದನ್ನು ಪ್ರಕಟಿಸಿದ್ದ. ವಿಜ್ಞಾನಿಗಳು ಹವಾಮಾನದ ಮಾಪನಗಳನ್ನು ವಕ್ರರೇಖೆಯಾಗಿ ಬರೆದದ್ದುಂಟು. ಆದರೆ ದೇಶದ ಹಣಕಾಸನ್ನು, ಕಣ್ಣಿಗೆ ಕಾಣದ ವ್ಯಾಪಾರವನ್ನು, ಜನಸಾಮಾನ್ಯ ಓದುಗನ ಮುಂದೆ ಈ ಬಗೆಯಲ್ಲಿ ಇಟ್ಟವರು ಇರಲಿಲ್ಲ.

ಗ್ರಂಥದ ಒಂದು ನಕ್ಷೆ ಮಾತ್ರ ಉಳಿದವುಗಳಂತಲ್ಲ. ಸ್ಕಾಟ್ಲೆಂಡಿನ ವ್ಯಾಪಾರದ ಬಗ್ಗೆ ಪ್ಲೇಫೇರ್‌ಗೆ ಸಿಕ್ಕಿದ್ದು ಒಂದೇ ವರ್ಷದ ಲೆಕ್ಕ, 1780ರ ಕ್ರಿಸ್ಮಸ್‌ನಿಂದ 1781ರ ಕ್ರಿಸ್ಮಸ್‌ವರೆಗಿನದು. ಕಾಲದ ಹರಿವು ಇಲ್ಲದಿರುವಾಗ ಗೆರೆ ಎಳೆಯುವುದೆಲ್ಲಿಂದ? ಹೀಗಾಗಿ 17 ಸ್ಥಳಗಳೊಡನೆ ನಡೆದ ಆಮದು ರಫ್ತುಗಳನ್ನು ಒಂದರ ಕೆಳಗೊಂದು ಪಟ್ಟಿಗಳಾಗಿ ಎಳೆದು ತೋರಿಸಿದ. ಮಾಹಿತಿಯ ಕೊರತೆಯಿಂದ ಹುಟ್ಟಿದ ಈ ಚಿತ್ರವೇ ಇಂದು ಎಲ್ಲೆಡೆ ಕಾಣುವ ಸ್ತಂಭನಕ್ಷೆಯ ಪೂರ್ವಜ. ವಿಚಿತ್ರವೆಂದರೆ ಇದು ಉಳಿದ ನಕ್ಷೆಗಳಿಗಿಂತ ಕೆಳಮಟ್ಟದ್ದೆಂದು ಪ್ಲೇಫೇರ್ ತಾನೇ ಭಾವಿಸಿದ್ದ. ಕಾಲದೊಡನೆ ನಡೆದ ಬದಲಾವಣೆಯನ್ನು ಇದು ತೋರಿಸಲಾರದು ಎಂಬುದು ಆತನ ಕೊರಗು.

ವಾಟ್ ನೀಡಿದ ಎಚ್ಚರಿಕೆ

ಪುಸ್ತಕ ಸಿದ್ಧವಾಗುತ್ತಿದ್ದಾಗ ಪ್ಲೇಫೇರ್ ಹಳೆಯ ಯಜಮಾನ ವಾಟ್‌ನ ಅಭಿಪ್ರಾಯ ಕೇಳಿದ. ವಾಟ್ ಕೊಟ್ಟ ಸಲಹೆ ಅಂಕಿ ಚಿತ್ರಗಳ ವಿಮರ್ಶೆಯ ಚರಿತ್ರೆಯಲ್ಲಿ ನೆನಪಿಡಬೇಕಾದದ್ದು. ನಕ್ಷೆಯೊಂದಿಗೆ ಅದರ ಮೂಲ ಕೋಷ್ಟಕವನ್ನೂ ಅಚ್ಚು ಹಾಕಿಸು, ಇಲ್ಲವಾದರೆ ಎಲ್ಲವೂ ನಿನ್ನೊಬ್ಬನ ಮಾತಿನ ಮೇಲೆ ನಿಂತಂತಾಗುತ್ತದೆ, ಈ ಮಾಹಿತಿ ನಿನಗೆ ಎಲ್ಲಿಂದ ಬಂತೆಂದು ಜನ ಕೇಳಿಯೇ ಕೇಳುತ್ತಾರೆ ಎಂಬುದು ಅದರ ತಾತ್ಪರ್ಯ.

ಈ ಮಾತಿನ ಹಿಂದೆ ಕಾರ್ಖಾನೆಯ ಅನುಭವವಿತ್ತು. ಯಂತ್ರದ ನಕ್ಷೆಯಲ್ಲಿ ಗೆರೆ ಎಷ್ಟು ಅಂದವಾಗಿದೆ ಎಂಬುದು ಮುಖ್ಯವಲ್ಲ, ಅಳತೆ ಸರಿಯಿದೆಯೇ ಎಂಬುದು ಮುಖ್ಯ. ಅಳತೆ ತಪ್ಪಿದರೆ ಅಂದದ ನಕ್ಷೆಯಿಂದಲೂ ಹಾಳು ಯಂತ್ರವೇ ಸಿದ್ಧವಾಗುತ್ತದೆ. ಪ್ಲೇಫೇರ್ ಮೊದಲ ಆವೃತ್ತಿಯಲ್ಲಿ ಕೋಷ್ಟಕಗಳನ್ನು ಸೇರಿಸಿದ. 1801ರ ಮೂರನೆಯ ಆವೃತ್ತಿಯ ವೇಳೆಗೆ ಅವನ್ನು ಕೈಬಿಟ್ಟಿದ್ದ. ನಕ್ಷೆಗೆ ತನ್ನ ಕಾಲ ಮೇಲೆ ತಾನೇ ನಿಲ್ಲುವ ಶಕ್ತಿ ಬಂದಿದೆ ಎಂಬ ವಿಶ್ವಾಸ ಅದರಲ್ಲಿ ಕಾಣುತ್ತದೆ. ಅಂಕಿಯ ಮೂಲವನ್ನು ಕಾಣಿಸದೆ ಚಿತ್ರವನ್ನಷ್ಟೇ ಮುಂದಿಡುವ ದೋಷದ ಆರಂಭವನ್ನೂ ಅಲ್ಲಿಯೇ ಗುರುತಿಸಬಹುದು.

ಹಣಕ್ಕೂ ಗೆರೆಯ ಉದ್ದಕ್ಕೂ ಏನು ಸಂಬಂಧ ಎಂಬ ಮೂಲಭೂತ ಆಕ್ಷೇಪವನ್ನು ಪ್ಲೇಫೇರ್ ಮುಂಗಂಡಿದ್ದ. ಭೂಪಟದ ಗೆರೆ ನಿಜವಾದ ನದಿಯನ್ನೋ ದಾರಿಯನ್ನೋ ಸೂಚಿಸುತ್ತದೆ, ಹಣಕ್ಕೆ ಅಂತಹ ಆಕಾರವೆಲ್ಲಿದೆ? ಇದಕ್ಕೆ ಆತ ಕೊಟ್ಟ ಉತ್ತರ ಅತ್ಯಂತ ಸರಳವಾದದ್ದು. ವ್ಯಾಪಾರಿಯೊಬ್ಬ ದಿನದ ಗಳಿಕೆಯ ಚಿನ್ನದ ನಾಣ್ಯಗಳನ್ನೆಲ್ಲ ಸಂಜೆ ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿಡುತ್ತಾನೆಂದು ಭಾವಿಸಿ. ಮರುದಿನದ ಗಳಿಕೆಯದು ಅದರ ಪಕ್ಕದ ರಾಶಿ. ತಿಂಗಳು ಕಳೆದ ಮೇಲೆ ಆ ರಾಶಿಗಳ ತುದಿಯನ್ನು ನೋಡಿದರೆ ವ್ಯಾಪಾರದ ಏರಿಳಿತ ತಾನಾಗಿಯೇ ಗೋಚರಿಸುತ್ತದೆ. ನಕ್ಷೆಯ ಗೆರೆ ಆ ನಾಣ್ಯರಾಶಿಗಳ ತುದಿಯೇ ಹೊರತು ಬೇರೇನಲ್ಲ. ಇದಕ್ಕಿಂತ ಸ್ಪಷ್ಟವಾಗಿ ಸ್ತಂಭನಕ್ಷೆಯ ತರ್ಕವನ್ನು ಇಂದಿನ ಪಠ್ಯಪುಸ್ತಕಗಳೂ ವಿವರಿಸುವುದು ವಿರಳ.

ಪ್ಯಾರಿಸ್ಸಿನ ಮನ್ನಣೆ, ಒಹಾಯೊದ ಕಳಂಕ

ಸ್ವದೇಶದಲ್ಲಿ ಅಟ್ಲಾಸಿಗೆ ದೊರೆತದ್ದು ತಣ್ಣನೆಯ ಸ್ವಾಗತ. ಫ್ರಾನ್ಸಿನಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಗ್ರಂಥದ ಪ್ರತಿಯೊಂದು ವಿದೇಶಾಂಗ ಸಚಿವ ವೆರ್ಜೆನ್ ಮೂಲಕ ದೊರೆ ಹದಿನಾರನೆಯ ಲೂಯಿಯ ಕೈಸೇರಿತು. ಭೂಗೋಳದಲ್ಲಿ ಆಸಕ್ತನಾಗಿದ್ದ ದೊರೆ ನಕ್ಷೆಗಳನ್ನು ಸುಲಭವಾಗಿ ಗ್ರಹಿಸಿ ಮೆಚ್ಚಿಕೊಂಡನೆಂದು ಪ್ಲೇಫೇರ್ ಬರೆದುಕೊಂಡಿದ್ದಾನೆ. 1787ರಲ್ಲಿ ಆತ ಪ್ಯಾರಿಸ್ಸಿಗೆ ತೆರಳಿದ. 1789ರಲ್ಲಿ ಅಟ್ಲಾಸಿನ ಫ್ರೆಂಚ್ ಅನುವಾದ ಹೊರಬಂತು.

ಅದೇ ವರ್ಷ ಕ್ರಾಂತಿಯೂ ಸ್ಫೋಟಿಸಿತು. ದೇಶ ಬಿಟ್ಟು ಹೋಗಲು ಹವಣಿಸುತ್ತಿದ್ದ ಫ್ರೆಂಚರಿಗೆ ಅಮೆರಿಕದ ಒಹಾಯೊ ಪ್ರದೇಶದಲ್ಲಿ ಜಮೀನು ಮಾರುವ ಸಯೋಟೊ ಕಂಪೆನಿಯ ವ್ಯವಹಾರದಲ್ಲಿ ಪ್ಲೇಫೇರ್ ಅಮೆರಿಕದ ಕವಿ ಜೋಯಲ್ ಬಾರ್ಲೊನ ಜೊತೆಗಾರನಾದ. ನೂರಾರು ಮಂದಿ ಹಣ ತೆತ್ತು ಸಾಗರ ದಾಟಿದರು. 1790ರಲ್ಲಿ ಅವರು ಒಹಾಯೊ ನದಿಯ ದಡ ತಲುಪಿದಾಗ ತಿಳಿದ ಸಂಗತಿ ಘೋರವಾಗಿತ್ತು. ಕಂಪೆನಿ ಮಾರಿದ ಜಮೀನಿನ ಮೇಲೆ ಕಂಪೆನಿಗೇ ಹಕ್ಕಿರಲಿಲ್ಲ. ಅವರು ನೆಲೆಯೂರಿದ ಗ್ಯಾಲಿಪೊಲಿಸ್ ಊರು ಇಂದಿಗೂ ಇದೆ. 1795ರಲ್ಲಿ ಅಮೆರಿಕದ ಕಾಂಗ್ರೆಸ್ ಅವರಿಗೆಂದು ಬೇರೆ ಜಮೀನನ್ನು ಮಂಜೂರು ಮಾಡಬೇಕಾಯಿತು. ವಂಚನೆಯಲ್ಲಿ ಯಾರ ಪಾಲು ಎಷ್ಟೆಂಬ ಬಗ್ಗೆ ವಾದ ವಿವಾದಗಳಿದ್ದರೂ ಕಳಂಕ ಪ್ಲೇಫೇರ್‌ನನ್ನು ಬಿಡಲಿಲ್ಲ.

ಲಂಡನ್ನಿಗೆ ಮರಳಿದ ಮೇಲೆ 1797ರಲ್ಲಿ ಪಾಲುದಾರರೊಡನೆ ಬ್ಯಾಂಕೊಂದನ್ನು ತೆರೆದ. ಅದೂ ದಿವಾಳಿಯೆದ್ದಿತು. ಕ್ರಾಂತಿಯ ವಿರುದ್ಧ ಕರಪತ್ರಗಳನ್ನು, ಜಾಕೊಬಿನರ ಇತಿಹಾಸವನ್ನು ಬರೆದ. ಸಾಲಕ್ಕಾಗಿ ಸೆರೆಮನೆಯನ್ನೂ ಕಂಡ. ಈ ಅವಧಿಯಲ್ಲಿ ಆತ ಬ್ರಿಟನ್ನಿನ ಗುಪ್ತಚರನಾಗಿದ್ದು, ಫ್ರಾನ್ಸಿನ ಕಾಗದದ ಹಣವನ್ನು ನಕಲು ಮಾಡಿ ಆ ದೇಶದ ಅರ್ಥವ್ಯವಸ್ಥೆಯನ್ನು ಕೆಡಿಸುವ ಸಂಚಿನಲ್ಲಿ ಪಾಲ್ಗೊಂಡಿದ್ದನೆಂದು 2018ರಲ್ಲಿ ಪ್ರಕಟವಾದ ಬ್ರೂಸ್ ಬರ್ಕೊವಿಟ್ಜ್ ಅವರ ಜೀವನಚರಿತ್ರೆ ಪ್ರತಿಪಾದಿಸಿದೆ.

ವೃತ್ತದೊಳಗಿನ ರಾಜ್ಯಗಳು

1801ರಲ್ಲಿ ಪ್ಲೇಫೇರ್‌ನ ಮತ್ತೊಂದು ಮುಖ್ಯ ಕೃತಿ ಪ್ರಕಟವಾಯಿತು. ಯೂರೋಪಿನ ಪ್ರತಿಯೊಂದು ರಾಜ್ಯದ ಸಂಪನ್ಮೂಲವನ್ನು ಹೊಸ ಕ್ರಮದಲ್ಲಿ ತೋರಿಸುವ ಸಂಖ್ಯಾ ಸಂಗ್ರಹ ಅದು. ಅದಕ್ಕೊಂದು ಅನುಬಂಧವಾಗಿ ಹಿಂದೂಸ್ಥಾನದ ಆಳುವ ಶಕ್ತಿಗಳ ವಿವರವನ್ನೂ ಸೇರಿಸಲಾಗಿತ್ತು ಎಂಬುದು ನಮ್ಮ ಓದುಗರು ಗಮನಿಸಬೇಕಾದ ಸಂಗತಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ ಮಡಿದು ಎರಡು ವರ್ಷಗಳಾಗಿದ್ದವಷ್ಟೆ. ಭಾರತದ ರಾಜ್ಯಗಳ ಬಲಾಬಲವನ್ನು ಅಳೆದು ನೋಡುವ ಕುತೂಹಲ ಲಂಡನ್ನಿನ ಓದುಗರಲ್ಲಿ ಇದ್ದ ಕಾಲವದು.

ಈ ಕೃತಿಯಲ್ಲಿ ಒಂದೊಂದು ದೇಶವೂ ಒಂದೊಂದು ವೃತ್ತ. ವೃತ್ತದ ವಿಸ್ತೀರ್ಣ ಆ ದೇಶದ ಭೂವಿಸ್ತೀರ್ಣಕ್ಕೆ ತಕ್ಕಂತೆ. ಎಡಬದಿಗೆ ನಿಂತ ಗೆರೆ ಜನಸಂಖ್ಯೆ, ಬಲಬದಿಯ ಗೆರೆ ಸರ್ಕಾರದ ಆದಾಯ. ಎರಡರ ತುದಿಗಳನ್ನು ಚುಕ್ಕಿಗಳ ಗೆರೆಯೊಂದು ಸೇರಿಸುತ್ತಿತ್ತು. ಅದರ ಓಟ ಯಾವ ಕಡೆಗೆ ಏರುತ್ತದೆ ಎಂಬುದರಿಂದ ಪ್ರಜೆಗಳ ಮೇಲಿನ ತೆರಿಗೆಯ ಭಾರವನ್ನು ಊಹಿಸಬಹುದೆಂದು ಪ್ಲೇಫೇರ್ ಸೂಚಿಸಿದ. ಮೂರು ಖಂಡಗಳಲ್ಲಿ ಹರಡಿದ್ದ ತುರ್ಕಿ ಸಾಮ್ರಾಜ್ಯವನ್ನು ತೋರಿಸುವಾಗ ವೃತ್ತವನ್ನೇ ಏಷ್ಯಾ, ಯೂರೋಪು, ಆಫ್ರಿಕಾಗಳ ಪಾಲಿಗೆ ತಕ್ಕಂತೆ ಸೀಳಿ ಬೇರೆ ಬೇರೆ ಬಣ್ಣ ತುಂಬಿದ. ಇಂದು ನಾವು ಪೈ ಚಾರ್ಟ್ ಎನ್ನುವ ವೃತ್ತನಕ್ಷೆ ಹುಟ್ಟಿದ್ದು ಹೀಗೆ.

ಹೊಗಳಿಕೆಗೂ ಟೀಕೆಗೂ ಇಲ್ಲಿ ಸಮಾನವಾದ ಅವಕಾಶವಿದೆ. ಒಂದೇ ಪುಟದಲ್ಲಿ ಮೂರು ಬಗೆಯ ಮಾಹಿತಿಯನ್ನು ಅಡಕಗೊಳಿಸಿದ ಕಲ್ಪನಾಶಕ್ತಿ ಅಸಾಧಾರಣವಾದದ್ದು. ಆದರೆ ಚುಕ್ಕಿಗೆರೆಯ ಇಳಿಜಾರು ತೆರಿಗೆಯ ಭಾರವನ್ನಷ್ಟೇ ಅವಲಂಬಿಸಿಲ್ಲ, ವೃತ್ತದ ಅಗಲವನ್ನೂ ಅವಲಂಬಿಸಿದೆ. ಜನಸಂಖ್ಯೆ ಮತ್ತು ಆದಾಯ ಎರಡೂ ಸಮನಾಗಿರುವ ದೇಶಗಳಲ್ಲಿ ಭೂಮಿ ಕಡಿಮೆಯಿರುವ ದೇಶದ ಗೆರೆ ಕಡಿದಾಗಿಯೂ, ವಿಶಾಲ ದೇಶದ ಗೆರೆ ಮಂದವಾಗಿಯೂ ತೋರುತ್ತದೆ. ಜನರ ಎಣಿಕೆಯನ್ನೂ ಪೌಂಡುಗಳ ಎಣಿಕೆಯನ್ನೂ ಒಂದೇ ಅಳತೆಗೋಲಿನಲ್ಲಿ ಹೋಲಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಬೇರೆ.

ಗೋಧಿಯ ಬೆಲೆ, ದುಡಿಮೆಯ ಕೂಲಿ

ಜೀವನದ ಕೊನೆಯ ಘಟ್ಟದಲ್ಲಿ, 1821ರಲ್ಲಿ, ಕೃಷಿಯ ಸಂಕಷ್ಟವನ್ನು ಕುರಿತ ಪತ್ರರೂಪದ ಪುಸ್ತಿಕೆಗೆಂದು ಪ್ಲೇಫೇರ್ ರಚಿಸಿದ ನಕ್ಷೆ ಆತನ ಚಿತ್ರಗಳಲ್ಲೇ ಅತ್ಯಂತ ಪ್ರಸಿದ್ಧವಾದದ್ದು. 1565ರಿಂದ 1821ರವರೆಗೆ ಸುಮಾರು ಎರಡೂವರೆ ಶತಮಾನಗಳ ಗೋಧಿಯ ಬೆಲೆ ಕಂಬಗಳಾಗಿ ನಿಂತಿದೆ. ಅದರ ಕೆಳಭಾಗದಲ್ಲಿ ನುರಿತ ಕೆಲಸಗಾರನ ವಾರದ ಕೂಲಿ ಗೆರೆಯಾಗಿ ಹರಿದಿದೆ. ಮೇಲ್ತುದಿಯಲ್ಲಿ ರಾಣಿ ಎಲಿಜಬೆತ್‌ಳಿಂದ ಮೊದಲಾಗಿ ಆಳಿದವರ ಅವಧಿಗಳಿವೆ.

ದುಡಿಯುವವನ ಕೂಲಿಗೆ ಹೋಲಿಸಿದರೆ ಗೋಧಿ ಹಿಂದೆಂದೂ ಇಷ್ಟು ಅಗ್ಗವಾಗಿರಲಿಲ್ಲ ಎಂಬುದು ಪ್ಲೇಫೇರ್ ತಲುಪಿದ ತೀರ್ಮಾನ. ಆಶ್ಚರ್ಯವೆಂದರೆ ನಕ್ಷೆಯನ್ನು ನೋಡಿದವರಿಗೆ ಈ ತೀರ್ಮಾನ ಹೊಳೆಯುವುದೇ ಇಲ್ಲ. ಕಣ್ಣು ಎತ್ತರದ ಕಂಬಗಳ ಏರುಪೇರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕೂಲಿಯ ಗೆರೆ ನಿಧಾನವಾಗಿ ಏರಿದ್ದು ತೀರಾ ಸಣ್ಣದಾಗಿ ತೋರುತ್ತದೆ. ಹೇಳಬೇಕಾಗಿದ್ದದ್ದು ಎರಡರ ಅನುಪಾತ. ಒಂದು ಅಳತೆ ಗೋಧಿಯನ್ನು ಕೊಳ್ಳಲು ಎಷ್ಟು ವಾರ ದುಡಿಯಬೇಕು ಎಂದು ಲೆಕ್ಕ ಹಾಕಿ ಅದೊಂದನ್ನೇ ಎಳೆದಿದ್ದರೆ ಗೆರೆ ಇಳಿಯುತ್ತ ಬರುತ್ತಿತ್ತು, ತೀರ್ಮಾನ ಥಟ್ಟನೆ ಮನದಟ್ಟಾಗುತ್ತಿತ್ತು. ಈಚಿನ ವಿದ್ವಾಂಸರು ಹಾಗೆ ಮರುಚಿತ್ರಿಸಿ ತೋರಿಸಿದ್ದಾರೆ. ಆತನ ವಾದ ಗೆಲ್ಲುತ್ತದೆ, ಆತನ ಚಿತ್ರವೇ ಅದಕ್ಕೆ ಅಡ್ಡಿಯಾಗಿತ್ತು.

ಪ್ಲೇಫೇರ್‌ನ ಕೊನೆಯ ವರ್ಷಗಳು ಸುಖದ್ದಲ್ಲ. ನೆಪೋಲಿಯನ್ನನ ಪತನದ ಬಳಿಕ ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ಪತ್ರಿಕೆಯೊಂದರ ಸಂಪಾದಕನಾಗಿದ್ದಾಗ ಮಾನಹಾನಿ ಮೊಕದ್ದಮೆಗೆ ಸಿಲುಕಿ ಅಲ್ಲಿಂದ ಪಲಾಯನ ಮಾಡಿದ. ಶ್ರೀಮಂತ ಮನೆತನವೊಂದರ ಹಳೆಯ ಗುಟ್ಟನ್ನು ಮುಂದಿಟ್ಟು ಹಣ ಕೀಳಲು ಯತ್ನಿಸಿದ್ದೂ ದಾಖಲಾಗಿದೆ. 1823ರ ಫೆಬ್ರವರಿ 11ರಂದು ಲಂಡನ್ನಿನಲ್ಲಿ ಬಡತನದಲ್ಲೇ ಕಣ್ಣು ಮುಚ್ಚಿದ.

ತಡವಾಗಿ ಬಂದ ಮನ್ನಣೆ, ಮುಗಿಯದ ವಿಮರ್ಶೆ

ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞರು ದೀರ್ಘಕಾಲ ಪ್ಲೇಫೇರ್‌ನನ್ನು ಮರೆತೇಬಿಟ್ಟಿದ್ದರು. ಕೋಷ್ಟಕದಲ್ಲಿ ನಿಖರ ಅಂಕಿ ಇರುವಾಗ ಅಂದಾಜಿನ ಚಿತ್ರವೇಕೆ ಎಂಬ ಧೋರಣೆ ಪ್ರಬಲವಾಗಿತ್ತು. ಚಿತ್ರಕಾರನ ಚಾರಿತ್ರ್ಯವೂ ಅನುಕೂಲಕರವಾಗಿರಲಿಲ್ಲ. ವಿಶ್ವಪ್ರವಾಸಿ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಆತನ ಋಣವನ್ನು ನೆನೆದರೆ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಆತನ ಕೃತಿಗಳ ಮಹತ್ವವನ್ನು ಗುರುತಿಸಿದ. ಅಟ್ಲಾಸ್ ಮತ್ತು ಸಂಖ್ಯಾ ಸಂಗ್ರಹಗಳನ್ನು ಹೊವರ್ಡ್ ವೇನರ್ ಹಾಗೂ ಇಯಾನ್ ಸ್ಪೆನ್ಸ್ ಅವರ ಸಂಪಾದಕತ್ವದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ 2005ರಲ್ಲಿ ಮತ್ತೆ ಪ್ರಕಟಿಸಿತು.

ಮನ್ನಣೆಯ ಜೊತೆಯಲ್ಲೇ ತಪಾಸಣೆಯೂ ಬಂತು. ಎಡ್ವರ್ಡ್ ಟಫ್ಟಿ 1983ರ ತಮ್ಮ ಪ್ರಖ್ಯಾತ ಗ್ರಂಥದಲ್ಲಿ ಪ್ಲೇಫೇರ್‌ನನ್ನು ಮನಸಾರೆ ಮೆಚ್ಚುತ್ತಲೇ ರಾಷ್ಟ್ರದ ಸಾಲದ ನಕ್ಷೆಯತ್ತ ಬೆರಳು ತೋರಿದರು. ಎತ್ತರ ಹೆಚ್ಚು, ಅಗಲ ಕಡಿಮೆ ಇರುವ ಚೌಕಟ್ಟಿನಲ್ಲಿ ಯಾವ ಏರಿಕೆಯೂ ಪರ್ವತದಂತೆ ಕಾಣುತ್ತದೆ. ಹಣದ ಮೌಲ್ಯ ಕಾಲಕ್ರಮದಲ್ಲಿ ಕುಸಿದದ್ದನ್ನು ಲೆಕ್ಕಕ್ಕೆ ತಂದು, ಅಗಲವಾದ ಚೌಕಟ್ಟಿನಲ್ಲಿ ಎಳೆದರೆ ಅದೇ ಸಾಲ ಅಷ್ಟೊಂದು ಭಯಾನಕವಾಗಿ ತೋರುವುದಿಲ್ಲ.

ವಿಲಿಯಂ ಕ್ಲೀವ್‌ಲ್ಯಾಂಡ್ ಅವರ ವಿಶ್ಲೇಷಣೆ ನಮಗೆ ಇನ್ನೂ ಹತ್ತಿರದ್ದು. ಅವರು ಎತ್ತಿಕೊಂಡದ್ದು ಇಂಗ್ಲೆಂಡ್ ಮತ್ತು ಈಸ್ಟ್ ಇಂಡೀಸ್ ನಡುವಣ ವ್ಯಾಪಾರದ ನಕ್ಷೆಯನ್ನು. ಅಲ್ಲಿ ಆಮದಿನ ಗೆರೆ ಮೇಲೆ, ರಫ್ತಿನ ಗೆರೆ ಕೆಳಗೆ ಸಾಗುತ್ತದೆ. ಎರಡರ ಅಂತರವೇ ವ್ಯಾಪಾರದ ಬಾಕಿ. ಮೇಲುನೋಟಕ್ಕೆ 1760ರ ಆಸುಪಾಸಿನಲ್ಲಿ ವಿಶೇಷವೇನೂ ಕಾಣದು. ಆದರೆ ಒಂದರಿಂದ ಇನ್ನೊಂದನ್ನು ಕಳೆದು ಅಂತರವನ್ನಷ್ಟೇ ಎಳೆದಾಗ 1760ರ ಬೆನ್ನಿಗೇ ಅಂತರ ಏಕಾಏಕಿ ಉಬ್ಬಿ ಇಳಿದದ್ದು ಬಯಲಾಗುತ್ತದೆ. ಕಾರಣ ನಮ್ಮ ದೃಷ್ಟಿಯ ಸ್ವಭಾವದಲ್ಲಿದೆ. ಎರಡೂ ಗೆರೆಗಳು ಕಡಿದಾಗಿ ಏರುವಾಗ ಕಣ್ಣು ಅವುಗಳ ನಡುವಿನ ಅತಿ ಸಮೀಪದ ದೂರವನ್ನು ಅಳೆಯುತ್ತದೆ, ನೇರ ಲಂಬದ ದೂರವನ್ನಲ್ಲ. ಪ್ಲಾಸಿ ಕದನ ನಡೆದದ್ದು 1757ರಲ್ಲಿ. ಕಂಪೆನಿ ಬಂಗಾಳದಲ್ಲಿ ಬೇರೂರುತ್ತಿದ್ದ ನಿರ್ಣಾಯಕ ವರ್ಷಗಳ ವ್ಯಾಪಾರದ ಏರಿಳಿತ ನಕ್ಷೆಯಲ್ಲೇ ಇದ್ದೂ ನೋಡುವವರ ಕಣ್ಣಿಗೆ ಮರೆಯಾಗಿತ್ತು.

ವೃತ್ತನಕ್ಷೆಯ ಮೇಲಿನ ಆಕ್ಷೇಪಕ್ಕೂ ಇದೇ ಬಗೆಯ ಆಧಾರವಿದೆ. ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ಮನುಷ್ಯರು ಸರಿಯಾಗಿ ಹೋಲಿಸಬಲ್ಲರು, ಕೋನವನ್ನೂ ವಿಸ್ತೀರ್ಣವನ್ನೂ ಹೋಲಿಸುವಾಗ ಹೆಚ್ಚು ತಪ್ಪುತ್ತಾರೆ. ಅಂದರೆ ತನ್ನ ನಕ್ಷೆಗಳಲ್ಲೇ ಕನಿಷ್ಠವೆಂದು ಪ್ಲೇಫೇರ್ ಬಗೆದಿದ್ದ ಸ್ತಂಭನಕ್ಷೆ ಈ ಪರೀಕ್ಷೆಯಲ್ಲಿ ಮುಂದೆ ಬಂತು, ವೃತ್ತ ಹಿಂದೆ ಬಿತ್ತು.

ಈ ಚರ್ಚೆ ಪಂಡಿತರಿಗೆ ಮಾತ್ರ ಸೇರಿದ್ದೆಂದು ಭಾವಿಸುವಂತಿಲ್ಲ. 2020ರ ಕೋವಿಡ್ ದಿನಗಳಲ್ಲಿ ಸೋಂಕಿನ ಗೆರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಲಕ್ಷಾಂತರ ಮಂದಿ ನಿತ್ಯವೂ ಆತಂಕದಿಂದ ನೋಡಿದರು. ಕಂಪ್ಯೂಟರ್ ಬಲ್ಲ ಉತ್ಸಾಹಿಗಳು ತಾವೇ ನಕ್ಷೆ ರಚಿಸಿ ಮೊಬೈಲ್‌ನಿಂದ ಮೊಬೈಲ್‌ಗೆ ಹಂಚಿದರು. ಮಳೆಯ ಪ್ರಮಾಣ, ಅಣೆಕಟ್ಟೆಯ ನೀರಿನ ಮಟ್ಟ, ರಾಜ್ಯಗಳಿಗೆ ಹಂಚಿಕೆಯಾದ ತೆರಿಗೆ ಇವೆಲ್ಲವೂ ಇಂದು ಚಿತ್ರರೂಪದಲ್ಲೇ ವಾದಕ್ಕಿಳಿಯುತ್ತವೆ. ಲಂಬದ ಅಳತೆ ಸೊನ್ನೆಯಿಂದ ಆರಂಭವಾಗದೆ ನಡುವಿನಿಂದ ಆರಂಭವಾದರೆ ಎರಡು ಕಂಬಗಳ ಅಲ್ಪ ಅಂತರ ಆನೆ ಆಡುಗಳ ಅಂತರವಾಗುತ್ತದೆ. ಅನುಕೂಲವಾದ ವರ್ಷದಿಂದ ಗೆರೆ ಎಳೆದರೆ ಬೇಕಾದ ಕತೆ ಹೊರಡುತ್ತದೆ.

ಪ್ಲೇಫೇರ್‌ನ ಬದುಕನ್ನು ಆದರ್ಶವೆಂದು ಯಾರೂ ಹೇಳಲಾರರು. ಇಲ್ಲದ ಹಕ್ಕಿನ ಜಮೀನನ್ನು ಮಾರಿದ ವ್ಯವಹಾರದಲ್ಲಿ ಪಾಲುಗಾರನಾಗಿದ್ದವನ ಅಂಕಿಗಳನ್ನು ನಂಬುವುದು ಹೇಗೆಂದು ಸಮಕಾಲೀನರು ಹಿಂಜರಿದಿದ್ದರೆ ಅದರಲ್ಲಿ ತಪ್ಪೇನಿಲ್ಲ. ಆದರೂ ಆತನ ಅಟ್ಲಾಸ್ ಉಳಿದುಕೊಂಡಿತು. ಅದರಲ್ಲಿನ ಗೆರೆಗಳನ್ನು ಮತ್ತೊಬ್ಬರು ಅಳೆದು, ಅಂಕಿಗಳಿಗೆ ಮರಳಿಸಿ, ಬೇರೆ ಬಗೆಯಲ್ಲಿ ಎಳೆದು ಪರೀಕ್ಷಿಸಲು ಸಾಧ್ಯವಾದದ್ದೇ ಅದಕ್ಕೆ ಮುಖ್ಯ ಕಾರಣ. ಕ್ಲೀವ್‌ಲ್ಯಾಂಡ್ ಅವರು ಬಂಗಾಳದ ಕಾಲದ ಆ ಉಬ್ಬನ್ನು ಕಂಡದ್ದು ಪ್ಲೇಫೇರ್‌ನದೇ ಗೆರೆಗಳಿಂದ. ಅಂಕಿ ಎಲ್ಲಿಂದ ಬಂತು, ಅಳತೆ ಎಲ್ಲಿಂದ ಆರಂಭವಾಯಿತು, ಚೌಕಟ್ಟಿನ ಆಕಾರವನ್ನು ಆರಿಸಿದವರು ಯಾರು ಎಂದು ಕೇಳುವುದು ಚಿತ್ರ ಬರೆದವನಿಗೆ ಮಾಡುವ ಅವಮಾನವಲ್ಲ. ಜೇಮ್ಸ್ ವಾಟ್ ತನ್ನ ಹಳೆಯ ಸಹಾಯಕನಿಗೆ ಸಲ್ಲಿಸಿದ ದೊಡ್ಡ ಉಪಕಾರ ಆ ಪ್ರಶ್ನೆಯೇ ಆಗಿತ್ತು. ನಾಳೆಯ ಪತ್ರಿಕೆಯ ವೃತ್ತಕ್ಕೂ ಕಂಬಕ್ಕೂ ಓದುಗರು ಅದೇ ಪ್ರಶ್ನೆಯನ್ನು ಹಾಕಬಹುದು.